ಪೆಂಟಾಂಗಲ್ ಬ್ಯಾಂಡ್ ಅಷ್ಟು ಬೇಗ ಏಕೆ ಮುಗಿಯಿತು?

ಅರವತ್ತರ ದಶಕದ ಬ್ರಿಟಿಷ್ ಜಾನಪದ ಬ್ಯಾಂಡ್ ಪೆಂಟಾಂಗಲ್ ಐದಾರು ವರ್ಷಕ್ಕೇ ಏಕೆ ಚದುರಿತು, ಈಗ ಅದನ್ನು ಕೇಳಿದರೆ ಸಿಗುವುದೇನು ಎಂದು ಕೇಳಿದ್ದೀರಿ. ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ, ನನಗೆ ಹುಚ್ಚು ಹಿಡಿದದ್ದು ಅಲ್ಲಿಂದ.

ಚಿಕ್ಕಂದಿನಲ್ಲಿ ಮೂರು ವರ್ಷ ಮೃದಂಗ ಕಲಿತು ಬಿಟ್ಟವನು ನಾನು. ವಿದ್ಯೆ ಹೋಯಿತು, ತೊಡೆಯ ಮೇಲೆ ತಾಳ ಹಾಕುವ ಚಟ ಉಳಿಯಿತು. ಅವರ 'ಲೈಟ್ ಫ್ಲೈಟ್' ಮೊದಲ ಸಲ ಕೇಳಿದಾಗ ಕೈ ತಡವರಿಸಿತು. ಐದು ಎಣಿಸುತ್ತಿದ್ದರೆ ಏಳು ನುಗ್ಗುತ್ತದೆ, ಅದಕ್ಕೆ ಒಗ್ಗುವಷ್ಟರಲ್ಲಿ ನಡುವೆ ಆರು. ಐದರ, ಏಳರ ಎಣಿಕೆಯ ಖಂಡಛಾಪು, ಮಿಶ್ರಛಾಪು ತಾಳ ಬಲ್ಲವರೂ ಒಮ್ಮೆ ಎಡವುತ್ತಾರೆ. ಬ್ಯಾಂಡ್‌ನ ಗಾಯಕಿ ಜಾಕಿ ಮೆಕ್‌ಶೀ ಮಾತ್ರ ಬಟ್ಟೆ ಒಣಹಾಕುತ್ತಾ ಗುನುಗುವವರ ಹಾಗೆ ನಿರಾಳವಾಗಿ ಹಾಡುತ್ತಾರೆ.

1967ರಲ್ಲಿ ಲಂಡನ್ನಿನಲ್ಲಿ ಬ್ಯಾಂಡ್‌ನ ಐವರು ಒಂದಾದರು. ಬರ್ಟ್ ಜಾನ್ಶ್ ಮತ್ತು ಜಾನ್ ರೆನ್‌ಬೋರ್ನ್ ಆಗಲೇ ಹೆಸರಾದ ಗಿಟಾರ್ ವಾದಕರು. ಬಾಸ್‌ನ ಡ್ಯಾನಿ ಥಾಂಪ್ಸನ್, ಡ್ರಮ್ಸ್‌ನ ಟೆರ್ರಿ ಕಾಕ್ಸ್ ಜಾಝ್, ಬ್ಲೂಸ್ ನುಡಿಸಿ ಪಳಗಿದವರು. ಹೀಗಾಗಿ ಹಳೆಯ ಲಾವಣಿಗೆ ಜಾಝ್‌ನ ನಡೆ ಬಂತು. 'ಲೈಟ್ ಫ್ಲೈಟ್' ಬಿಬಿಸಿಯ ಧಾರಾವಾಹಿಯೊಂದರ ಶೀರ್ಷಿಕೆ ಗೀತೆಯಾಯಿತು. ಅದಿದ್ದ 1969ರ 'ಬಾಸ್ಕೆಟ್ ಆಫ್ ಲೈಟ್' ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಅದೇ ಆಲ್ಬಮ್‌ನ 'ಹೌಸ್ ಕಾರ್ಪೆಂಟರ್'ನಲ್ಲಿ ಬ್ಯಾಂಜೋ ಜೊತೆ ಸಿತಾರ್ ಇದೆ. ಆ ಕಾಲದ ಸಿತಾರ್ ಶೋಕಿಯೆಂದು ಮೂಗು ಮುರಿಯಲು ಹೊರಟಿದ್ದೆ, ಕೇಳಿದ ಮೇಲೆ ತೆಪ್ಪಗಾದೆ.

ಇನ್ನೊಬ್ಬರಾಗಿದ್ದರೆ 'ಲೈಟ್ ಫ್ಲೈಟ್'ನಂಥದೇ ಹಾಡು ಇನ್ನೆರಡು ಮಾಡುತ್ತಿದ್ದರು. ಇವರು 1970ರ 'ಕ್ರೂಯಲ್ ಸಿಸ್ಟರ್' ಆಲ್ಬಮ್‌ನಲ್ಲಿ ಬರೀ ಸಾಂಪ್ರದಾಯಿಕ ಹಾಡುಗಳನ್ನಿಟ್ಟರು. ಗ್ರಾಮಫೋನ್ ತಟ್ಟೆಯ ಒಂದು ಇಡೀ ಬದಿಯನ್ನು 'ಜ್ಯಾಕ್ ಓರಿಯನ್' ಎಂಬ ಹದಿನೆಂಟು ನಿಮಿಷದ ಲಾವಣಿಗೆ ಕೊಟ್ಟರು. ಒಡೆಯನ ಸೋಗಿನಲ್ಲಿ ಅರಸುಮಗಳ ಕೋಣೆ ಸೇರಿದ ಆಳಿನ ಕಥೆ ಅದು. ಮಾರಾಟ ನೆಲಕಚ್ಚಿತು. ನನ್ನ ಮಟ್ಟಿಗೆ ಅವರ ಅತ್ಯಂತ ದಿಟ್ಟ ಕೆಲಸ ಅದೇ. ಆಮೇಲಿನದು ಬೇಗ ಹೇಳಿಬಿಡಬಹುದು: ಎಡೆಬಿಡದ ಪ್ರವಾಸ, ಕುಡಿತ, ದಣಿವು, ಇನ್ನೆರಡು ಆಲ್ಬಮ್. 1973ರ ಆರಂಭಕ್ಕೆ ಮೂಲ ತಂಡ ಇರಲಿಲ್ಲ.

2008ರಲ್ಲಿ ಐವರೂ ಮತ್ತೆ ಸೇರಿ, ನಲವತ್ತು ವರ್ಷಗಳ ಹಿಂದೆ ನುಡಿಸಿದ್ದ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲೇ ನುಡಿಸಿದರು. 2011ರಲ್ಲಿ ಜಾನ್ಶ್, 2015ರಲ್ಲಿ ರೆನ್‌ಬೋರ್ನ್ ತೀರಿಕೊಂಡರು.

ಜಾನ್ಶ್ ಕೈಚಳಕವನ್ನು ನೀವು ಬಹುಶಃ ಗೊತ್ತಿಲ್ಲದೆಯೇ ಕೇಳಿದ್ದೀರಿ. ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಮೊದಲ ಆಲ್ಬಮ್‌ನಲ್ಲಿ, ತಬಲಾ ಇರುವ 'ಬ್ಲ್ಯಾಕ್ ಮೌಂಟನ್ ಸೈಡ್' ಇದೆಯಲ್ಲ, ಅದರ ಗಿಟಾರ್ 1966ರಲ್ಲಿ ಜಾನ್ಶ್ ನುಡಿಸಿದ 'ಬ್ಲ್ಯಾಕ್‌ವಾಟರ್‌ಸೈಡ್'ನ ಪಡಿಯಚ್ಚು. ಆಲ್ಬಮ್‌ನಲ್ಲಿ ಅದರ ರಚನೆಕಾರರೆಂದು ಇರುವ ಹೆಸರು ಜೆಪ್ಪೆಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್ ಒಬ್ಬರದೇ. ಎರಡನ್ನೂ ಒಂದಾದ ಮೇಲೊಂದು ಹಾಕಿಕೊಂಡು ಕೇಳಿ, ಜಾನ್ಶ್‌ರದ್ದನ್ನು ಮೊದಲು.