ಕಾರವಾರದವಳು ನಾನು, ಹಿಮ ನೋಡಿಯೇ ಇಲ್ಲ. ಹೋಟನ್‌ನ ಚಳಿಗಾಲದಲ್ಲಿ ಕಾಲೇಜು ದಿನಗಳು ಹೇಗಿರುತ್ತವೆ?

ಆಗಸ್ಟ್‌ನಲ್ಲಿ ಅಮೆರಿಕದ ಹೋಟನ್ ಊರಿನ ಮಿಷಿಗನ್ ಟೆಕ್ ವಿಶ್ವವಿದ್ಯಾಲಯಕ್ಕೆ ಎಂಎಸ್ ಓದಲು ಹೊರಟಿದ್ದೀರಿ, ಅಲ್ಲಿಯ ಚಳಿ ತಡೆದುಕೊಳ್ಳಲು ಆಗುತ್ತದಾ ಎಂದು ಕೇಳಿದ್ದೀರಿ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಅದೇ ಹೋಟನ್‌ನಲ್ಲಿ ಎರಡು ಚಳಿಗಾಲ ಕಳೆದು ಊರಿಗೆ ಮರಳಿದ್ದೇನೆ. ಖಂಡಿತ ಆಗುತ್ತದೆ. ಸುಮ್ನೆ ಧೈರ್ಯ ತುಂಬಲು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಮಳೆಗಾಲ ಕಂಡವರು ಇದರ ಅರ್ಧ ಪಾಠ ಆಗಲೇ ಕಲಿತಿರುತ್ತಾರೆ.

ಹಿಮ ಬೀಳುವ ರೀತಿಯೇ ನಮ್ಮ ಮಳೆಯ ಹಾಗೆ. ಅರಬ್ಬಿ ಸಮುದ್ರದ ಗಾಳಿ ನೀರು ಹೊತ್ತು ಬಂದು ಘಟ್ಟ ಹತ್ತುವಾಗ ಸುರಿಸುತ್ತದೆ, ಅಲ್ವಾ? ಅಲ್ಲಿ ಸುಪೀರಿಯರ್ ಸರೋವರವೇ ಸಮುದ್ರ. ಕೆನಡಾ ಕಡೆಯ ಒಣ ಚಳಿಗಾಳಿ ಅದರ ಮೇಲೆ ಹಾಯುವಾಗ ನೀರಾವಿ ಹೀರಿಕೊಂಡು, ಹೋಟನ್ ಇರುವ ಕೀವಿನಾ ಪರ್ಯಾಯ ದ್ವೀಪದ ಗುಡ್ಡ ಏರುತ್ತಲೇ ಹಿಮ ಚೆಲ್ಲುತ್ತದೆ. ವರ್ಷಕ್ಕೆ 200 ಇಂಚಿನ ಆಚೀಚೆ, ಅಂದರೆ 16 ಅಡಿಗೂ ಮೇಲೆ. 1978-79ರಲ್ಲಿ ಕೀವಿನಾದಲ್ಲಿ 390.4 ಇಂಚು ಬಿದ್ದಿತ್ತು. ಹೆದರಬೇಡಿ, ಅದು ಇಡೀ ಕಾಲದ ಒಟ್ಟು ಲೆಕ್ಕ. ಬಿದ್ದ ಹಿಮ ಕುಗ್ಗುತ್ತದೆ, ಕರಗುತ್ತದೆ, ರಸ್ತೆಯದನ್ನು ಲಾರಿಗಳು ತಳ್ಳಿ ಬದಿಗೆ ಹಾಕುತ್ತವೆ. ನಸುಕಿನಲ್ಲಿ ಆ ಲಾರಿಯ ಗರಗರ ಸದ್ದಿಗೇ ನನಗೆ ಎಚ್ಚರ ಆಗುತ್ತಿತ್ತು.

ದಿನಚರಿ ಹೀಗಿರುತ್ತದೆ. ಬೆಳಿಗ್ಗೆ ಮೆಟ್ಟಿಲ ಮೇಲಿನ ಹಿಮ ತಳ್ಳಬೇಕು. ಜಾಕೆಟ್, ಟೋಪಿ, ಕೈಗವಸು, ಬೂಟು ಹಾಕಲು ಹತ್ತು ನಿಮಿಷ ಬೇಕು. ಕಟ್ಟಡದ ಒಳಗೆ ಹೋದರೆ ಬೆಚ್ಚಗೆ, ಎಲ್ಲ ಕಳಚಬೇಕು. ಹಾಗಾಗಿ ಒಂದೇ ದಪ್ಪ ಸ್ವೆಟರ್‌ಗಿಂತ ತೆಳ್ಳಗಿನ ಮೂರು ಪದರ ಮೇಲು. ಮೈಗೆ ತಾಗುವ ಪದರ ಹತ್ತಿಯದು ಬೇಡ, ಬೆವರು ಹೀರಿ ಹಸಿಯಾಗಿಯೇ ಉಳಿದು ಚಳಿ ಹೆಚ್ಚಿಸುತ್ತದೆ. ಬೂಟು, ಜಾಕೆಟ್ ಅಲ್ಲೇ ಕೊಳ್ಳಿ. ನಾನು ಬೆಂಗಳೂರಲ್ಲಿ ಕೊಂಡ ಬೂಟು ನವೆಂಬರ್‌ನಲ್ಲೇ ಜಾರಿತು, ಮೊಣಕೈ ಊದಿಕೊಂಡು ಒಂದು ವಾರ ಬರೆಯಲು ಆಗಲಿಲ್ಲ. ಆಮೇಲೆ ಊರಿನ ನಡಿಗೆ ನೆನಪಾಯಿತು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತೇವಲ್ಲ, ದಬ್ಬೆ ಇಲ್ಲದ ಕಡೆ ಅಜ್ಜಿ ಹೇಗೆ ಇಡೀ ಪಾದ ಊರಿ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಳೋ, ಹಾಗೆಯೇ ನಡೆದೆ. ಮತ್ತೆ ಬೀಳಲಿಲ್ಲ.

ಚಳಿ ರಾತ್ರಿ ಮೈನಸ್ 15 ಡಿಗ್ರಿಗೆ ಇಳಿಯುವುದೂ ಉಂಟು. ಆದರೆ ನನಗೆ ಕಷ್ಟವಾದದ್ದು ಚಳಿಯಲ್ಲ, ಕತ್ತಲೆ. ಜನವರಿ ಆರಂಭದಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆ ದಾಟಿದ ಮೇಲೆ. ಸಂಜೆ ಐದೂವರೆಗೆ ಕತ್ತಲು. ನಡುವೆಯೂ ಮೋಡವೇ ಜಾಸ್ತಿ. ಮೊದಲ ವರ್ಷ ನಾನು ಕ್ಲಾಸು ಬಿಟ್ಟರೆ ಕೋಣೆ, ಕೋಣೆ ಬಿಟ್ಟರೆ ಕ್ಲಾಸು ಎಂದು ಉಳಿದುಬಿಟ್ಟೆ. ಶನಿವಾರ ಮಧ್ಯಾಹ್ನದ ತನಕ ಮಲಗುತ್ತಿದ್ದೆ. ಅಮ್ಮ ಫೋನ್ ಮಾಡಿದರೆ ಆಮೇಲೆ ಮಾತಾಡುತ್ತೇನೆ ಎಂದು ಇಟ್ಟುಬಿಡುತ್ತಿದ್ದೆ. ಅದು ಸೋಮಾರಿತನ ಎಂದುಕೊಂಡಿದ್ದೆ. ಬೆಳಕು ಕಮ್ಮಿಯಾದರೆ ಮನಸ್ಸು ಕುಗ್ಗುವುದೂ ಒಂದು ಕಾಯಿಲೆಯೇ ಎಂದು ಕಾಲೇಜಿನ ಸಲಹೆಗಾರರ ಹತ್ತಿರ ಹೋದಾಗಲೇ ಗೊತ್ತಾದದ್ದು. ನಿಮಗೂ ಹಾಗಾದರೆ ಮುಚ್ಚಿಡಬೇಡಿ, ಮೊದಲ ವಾರವೇ ಹೋಗಿ ಹೇಳಿ. ಎಷ್ಟೇ ಹಿಮ ಇರಲಿ, ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಿರಿ.

ನನ್ನನ್ನು ಹೊರಗೆ ಎಳೆದದ್ದು ಫೆಬ್ರವರಿಯ ವಿಂಟರ್ ಕಾರ್ನಿವಲ್. 1922ರಿಂದ ನಡೆದುಬಂದಿರುವ ವಿದ್ಯಾರ್ಥಿಗಳದೇ ಹಬ್ಬ, ನಮ್ಮ ಮಾರಿಕಾಂಬಾ ಜಾತ್ರೆಗೆ ಶಿರಸಿ ಹೇಗೆ ಏಳುತ್ತದೋ ಹಾಗೆ ಇಡೀ ಊರು ಏಳುತ್ತದೆ. ತಂಡ ಕಟ್ಟಿಕೊಂಡು ಹಿಮದ ದೊಡ್ಡ ಮೂರ್ತಿಗಳನ್ನು ಮಾಡುತ್ತಾರೆ. ಕೆಲವರು ಒಂದು ತಿಂಗಳಿಡೀ, ಉಳಿದವರು ಒಂದೇ ರಾತ್ರಿಯಲ್ಲಿ. ಪಕ್ಕದ ಮನೆಯ ಹುಡುಗ ನನ್ನನ್ನು ಬಕೆಟ್ ಹೊರಲು ಕರೆದ. ಹಿಮಕ್ಕೆ ನೀರು ಕಲಸಿ, ಮುದ್ದೆ ಮಾಡಿ, ಒತ್ತಿ ಒತ್ತಿ ಮೆತ್ತುವುದು. ಚೌತಿಗೆ ನಮ್ಮೂರಲ್ಲಿ ಮಣ್ಣಿನ ಗಣಪತಿ ಮಾಡುವ ಮನೆಯಲ್ಲಿ ಚಿಕ್ಕವನಿದ್ದಾಗ ಕೂತು ನೋಡಿದ್ದೆ, ಹದ ಕೈಗೆ ಬೇಗ ಸಿಕ್ಕಿತು. ರಾತ್ರಿ ಎರಡು ಗಂಟೆಗೆ, ಮೂಗು ಮರಗಟ್ಟಿದ್ದಾಗ, ಹತ್ತು ಜನ ಒಂದೇ ಗೋಡೆಯನ್ನು ಸವರುತ್ತ ನಿಂತಿದ್ದೆವು. ಆ ವರ್ಷ ನಾನು ಮನಸಾರೆ ನಕ್ಕದ್ದು ಅಂದೇ. ಮರುದಿನ ಅಮ್ಮನಿಗೆ ನಾನೇ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ. ದಯವಿಟ್ಟು ಮೊದಲ ವರ್ಷವೇ ಯಾವುದಾದರೂ ತಂಡ ಸೇರಿ, ಎರಡನೇ ವರ್ಷಕ್ಕೆ ಕಾಯಬೇಡಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ಕಿ, ಬೇಳೆ ಸಿಗುತ್ತದೆ. ಗಣಿ ಕೆಲಸಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದವರು ತಂದ ಪ್ಯಾಸ್ಟಿ ಎಂಬ ಕಡುಬು ಅಲ್ಲಿ ಹೆಸರುವಾಸಿ, ಬಿಸಿಬಿಸಿ ತಿನ್ನಿ. ಕೊಬ್ಬರಿ ಎಣ್ಣೆ ಒಯ್ಯಿರಿ, ಒಣಗಾಳಿಗೆ ತುಟಿ, ಹಿಮ್ಮಡಿ ಒಡೆಯುತ್ತವೆ. ಡಬ್ಬಿಯಲ್ಲಿ ಚಳಿಗಾಲವಿಡೀ ಗಟ್ಟಿಯಾಗಿರುತ್ತದೆ, ಅಗಲ ಬಾಯಿಯ ಡಬ್ಬಿ ನೋಡಿಕೊಳ್ಳಿ. ಮತ್ತೆ ಹಲಸಿನ ಹಪ್ಪಳ. ಹೊರಗೆ ಹಿಮ ಸುರಿಯುವಾಗ ಅದನ್ನು ಕರಿದು ತಿಂದರೆ ಆಷಾಢದ ಮನೆಯೇ ಎದುರಿಗೆ ಬರುತ್ತದೆ. ಮೇ ತಿಂಗಳಲ್ಲೇ ಮಾಡಿಸಿ ಇಟ್ಟುಕೊಳ್ಳಿ. ಜೂನ್ ಬಂತೆಂದರೆ ನಮ್ಮಲ್ಲಿ ಒಣಗಿಸಲು ಬಿಸಿಲು ಸಿಗುವುದಿಲ್ಲ.