ಜುಲೈನಲ್ಲಿ ಕುಟುಂಬದ ಜೊತೆ ಕೀಹೋಲ್ ಕ್ಯಾನ್ಯನ್ ಇಳಿಯಬೇಕು ಅಂತ ಕೇಳಿದವರಿಗೆ

ಮೇಡಂ, ನಿಮ್ಮ ಪ್ರಶ್ನೆ ಉದ್ದ ಇತ್ತು, ಹೊಸದಾಗಿ ಓದುವವರಿಗೆ ಅನುಕೂಲ ಆಗಲಿ ಅಂತ ಮೊದಲು ಅದನ್ನೇ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫೀನಿಕ್ಸ್‌ನಿಂದ ಹೊರಟು ಯೂಟಾದ ಝಯಾನ್ ನ್ಯಾಷನಲ್ ಪಾರ್ಕಿಗೆ ಹೋಗುತ್ತೀರಿ. ನೀವು, ನಿಮ್ಮ ಯಜಮಾನರು, 8 ಮತ್ತು 12 ವರ್ಷದ ಮಕ್ಕಳು, ಮೈದುನ, ಓರಗಿತ್ತಿ, ಒಂದು ಸ್ನೇಹಿತರ ಜೋಡಿ, ಜೊತೆಗೆ ದಾವಣಗೆರೆಯಿಂದ ಬಂದಿರುವ ಅತ್ತೆ ಮಾವ. ಜುಲೈ ಮೂರನೇ ವಾರ ಕೀಹೋಲ್ ಕ್ಯಾನ್ಯನ್ ಅನ್ನೋ, ಬಂಡೆಗಳ ನಡುವಿನ ಆಳವಾದ ಇಕ್ಕಟ್ಟು ಸೀಳಿನಂಥ ಸ್ಲಾಟ್ ಕ್ಯಾನ್ಯನ್‌ನಲ್ಲಿ ಹಗ್ಗ ಹಿಡಿದು ಇಳಿಯುವ ಆಸೆ. ಹಗ್ಗ, ಹಾರ್ನೆಸ್ (ಸೊಂಟಕ್ಕೆ, ತೊಡೆಗೆ ಕಟ್ಟುವ ಪಟ್ಟಿ) ಕೊಂಡು, ವಿಡಿಯೊ ನೋಡಿ ಕಲಿತರೆ ಸಾಕಾ ಅಂತ ಕೇಳಿದ್ದೀರಿ.

ನೇರವಾಗಿ ಹೇಳುತ್ತೇನೆ. ಜಾಗ ಚೆನ್ನಾಗಿದೆ. ತಿಂಗಳು ಸರಿಯಿಲ್ಲ. ವಿಡಿಯೊ ಸಾಲದು.

ಮೊದಲು ತಿಂಗಳ ವಿಷಯ, ಯಾಕೆಂದರೆ ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ. ಅಮೆರಿಕದ ನೈಋತ್ಯ ಭಾಗಕ್ಕೂ ಮುಂಗಾರು ಇದೆ. ಲೆಕ್ಕಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 30, ಆದರೆ ದಕ್ಷಿಣ ಯೂಟಾದಲ್ಲಿ ಅದರ ಜೋರು ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ. ನಮ್ಮವರ ಅಪ್ಪ ಅಮ್ಮ, ಅತ್ತೆ ಮಾವ ಬರುವುದೂ ಮಕ್ಕಳಿಗೆ ಬೇಸಿಗೆ ರಜೆ ಇರುವುದೂ ಸರಿಯಾಗಿ ಆಗಲೇ. ಹಾಗಾಗಿ ಈ ಗುಂಪಿನಲ್ಲಿ ಪ್ರತಿ ವರ್ಷ ಇದೇ ಪ್ರಶ್ನೆ ಇದೇ ತಿಂಗಳಿಗೆ ಬರುತ್ತದೆ.

ಮೇಲೆ ಒಬ್ಬರು "ಬೆಳಿಗ್ಗೆ ಎದ್ದು ಆಕಾಶ ನೋಡಿ, ಮೋಡ ಇಲ್ಲ ಅಂದ್ರೆ ಧೈರ್ಯವಾಗಿ ಇಳಿಯಿರಿ" ಅಂತ ಬರೆದಿದ್ದಾರೆ. ದಯವಿಟ್ಟು ಇದನ್ನು ನಂಬಬೇಡಿ. ನಮ್ಮ ಮಲೆನಾಡಿನಲ್ಲಿ ಮಳೆ ಬಿದ್ದರೆ ಮೊದಲು ಕಾಡು ಕುಡಿಯುತ್ತದೆ, ಮಣ್ಣು ಕುಡಿಯುತ್ತದೆ, ಆಮೇಲೆ ಹಳ್ಳ ಏರುತ್ತದೆ. ಝಯಾನ್‌ನ ಪೂರ್ವ ಭಾಗದಲ್ಲಿ ನೀರನ್ನು ಹಿಡಿದಿಡುವ ಮಣ್ಣೇ ಕಡಿಮೆ. ಎಲ್ಲಿ ನೋಡಿದರೂ ಬೋಳು ಬಂಡೆ. ನವಾಹೊ ಮರಳುಗಲ್ಲು ಅಂತಾರೆ, ಡೈನೋಸಾರ್ ಕಾಲದ ಮರಳುದಿಣ್ಣೆಗಳು ಗಟ್ಟಿಯಾಗಿ ಕಲ್ಲಾಗಿರುವುದು. ಬಂಡೆಯ ಮೇಲೆ ಓರೆ ಓರೆಯಾಗಿ ಗೆರೆಗಳು ಕಾಣುತ್ತವಲ್ಲ, ಅವು ಆಗಿನ ಗಾಳಿ ಮರಳನ್ನು ತಂದು ಒಟ್ಟಿದ ಗುರುತು. ನೋಡೋಕೆ ಅಷ್ಟು ಚಂದ, ಆದರೆ ಮಳೆ ಬಿದ್ದರೆ ಸಿಮೆಂಟ್ ಹಾಕಿದ ಅಂಗಳದ ಹಾಗೆ ಅಷ್ಟೂ ನೀರು ಇಳಿಜಾರಿಗೆ ಜಾರಿ ಒಂದೇ ಸೀಳಿಗೆ ಬಂದು ಬೀಳುತ್ತದೆ. ನೀವು ನಿಂತಿರುವುದು ಆ ಸೀಳಿನ ಒಳಗೆ. ಅಲ್ಲಿಂದ ಕಾಣುವ ಆಕಾಶ ಒಂದು ಪಟ್ಟಿಯಷ್ಟು ಮಾತ್ರ, ಅದು ನೀಲಿಯಾಗಿದ್ದರೆ ಮೇಲ್ಗಡೆ ಏನಾಗುತ್ತಿದೆ ಅಂತ ಗೊತ್ತಾಗುವುದೇ ಇಲ್ಲ.

1997ರ ಆಗಸ್ಟ್ 12ರಂದು ಅರಿಝೋನಾದ ಲೋಯರ್ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಪ್ರವಾಸಿಗರು ಕೊಚ್ಚಿಹೋದರು. ಅವತ್ತು ಜೋರು ಮಳೆ ಸುರಿದದ್ದು ಅಲ್ಲಿಂದ ಮೈಲುಗಟ್ಟಲೆ ಮೇಲೆ. ಇನ್ನು ನೀವು ಹೇಳುತ್ತಿರುವ ಇದೇ ಕೀಹೋಲ್‌ನಲ್ಲಿ, 2015ರ ಸೆಪ್ಟೆಂಬರ್ 14ರಂದು, ಇಳಿದ 7 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಅವತ್ತು ಪ್ರವಾಹದ ಸಂಭವ ಜಾಸ್ತಿ ಅಂತ ಮುನ್ಸೂಚನೆ ಇತ್ತು. ಸಂಜೆ ಹೊತ್ತಿಗೆ ಪಾರ್ಕಿನೊಳಗೆ ಹರಿಯುವ ವರ್ಜಿನ್ ನದಿಯ ಉತ್ತರ ಕವಲು 15 ನಿಮಿಷದೊಳಗೆ 55 ಕ್ಯೂಸೆಕ್‌ನಿಂದ 2,630 ಕ್ಯೂಸೆಕ್‌ಗೆ ಏರಿತು. ಕೆಆರ್‌ಎಸ್ ಒಳಹರಿವನ್ನು ಪೇಪರಿನಲ್ಲಿ ಓದಿ ಬೆಳೆದ ನಮಗೆ ಈ ಸಂಖ್ಯೆ ದೊಡ್ಡದು ಅನ್ನಿಸುವುದಿಲ್ಲ. ಕಾಲು ಗಂಟೆಯಲ್ಲಿ ಸುಮಾರು 48 ಪಟ್ಟು ಅನ್ನೋದನ್ನು ನೋಡಿ. ಅದೂ ಅಗಲವಾದ ನದಿಯಲ್ಲಿ. ಕೀಹೋಲ್‌ನಲ್ಲಿ ಎಷ್ಟೋ ಕಡೆ ಎರಡು ಕೈ ಪೂರ್ತಿ ಚಾಚುವಷ್ಟೂ ಜಾಗ ಇಲ್ಲ.

ಹೆದರಿಸೋಕೆ ಬರೆಯುತ್ತಿಲ್ಲ. ಕೀಹೋಲ್ ಅಂದರೆ ನನಗೆ ಪ್ರಾಣ. ಚಿಕ್ಕ ಕ್ಯಾನ್ಯನ್, ರಸ್ತೆಗೆ ಹತ್ತಿರ, ಹಗ್ಗದ ಇಳಿತಗಳೂ ಚಿಕ್ಕವು, ದೊಡ್ಡದು ಅಂದರೆ ಸುಮಾರು 30 ಅಡಿ. ಗೋಡೆಗಳು ಅಲೆ ಅಲೆಯಾಗಿ ತಿರುಗುತ್ತಾ ಮೇಲಿಂದ ಬರುವ ಬೆಳಕು ಕಿತ್ತಳೆಯಿಂದ ನೇರಳೆಗೆ ತಿರುಗುವುದನ್ನು ಮಕ್ಕಳು ನೋಡಲೇಬೇಕು. ಅದಕ್ಕೇ ಹೇಳುತ್ತಿರುವುದು, ಸರಿಯಾದ ಕಾಲದಲ್ಲಿ ಹೋಗಿ. ಮೇ, ಜೂನ್ ಮೊದಲ ಭಾಗ ಒಳ್ಳೆಯದು. ಅಕ್ಟೋಬರ್ ಕೂಡ ಒಳ್ಳೆಯದು, ಫೀನಿಕ್ಸ್ ಕಡೆ ಬಹಳ ಶಾಲೆಗಳಿಗೆ ಆಗ ಒಂದು ರಜೆ ಬರುತ್ತದಲ್ಲ. ನಿಮ್ಮ ಅತ್ತೆ ಮಾವ ಆ ಹೊತ್ತಿಗೂ ಇಲ್ಲೇ ಇರುವುದಾದರೆ ದಸರೆಯ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಮುಂಗಾರು ಮುಗಿದ ಮೇಲೂ ಮಳೆ ಬರುವುದೇ ಇಲ್ಲ ಅಂತಲ್ಲ, ಮುನ್ಸೂಚನೆ ನೋಡಲೇಬೇಕು. ಅಮೆರಿಕದ ಹವಾಮಾನ ಇಲಾಖೆ ಈ ಪಾರ್ಕುಗಳಿಗೆ ದಿಢೀರ್ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಹಂತದಲ್ಲಿ ಕೊಡುತ್ತದೆ. ಕನ್ನಡದಲ್ಲಿ ಹೇಳೋದಾದರೆ ನಿರೀಕ್ಷೆ ಇಲ್ಲ, ಆಗಬಹುದು, ಸಂಭವ ಜಾಸ್ತಿ, ಆಗುತ್ತದೆ. ಮಕ್ಕಳು ಜೊತೆಗಿದ್ದರೆ ಮೊದಲ ಹಂತ ಇದ್ದ ದಿನ ಮಾತ್ರ ಇಳಿಯಿರಿ. ಎರಡನೆಯದಕ್ಕೆ "ನೋಡೋಣ" ಅಂದುಕೊಂಡು ಹೋಗಬೇಡಿ. ಪರ್ಮಿಟ್ ಕೊಡುವ ಕೌಂಟರಿನವರು ನಿಮ್ಮನ್ನು ತಡೆಯುತ್ತಾರೆ ಅಂತಲೂ ಅಂದುಕೊಳ್ಳಬೇಡಿ. ಅವರು ಮಾಹಿತಿ ಹೇಳುತ್ತಾರೆ, ಇಳಿಯಬೇಕಾ ಬೇಡವಾ ಅನ್ನೋ ತೀರ್ಮಾನ ನಿಮಗೇ ಬಿಟ್ಟದ್ದು.

ಇನ್ನೊಂದು ಮಾತು ಹೊರಡುವ ಹಿಂದಿನ ರಾತ್ರಿಯೇ ಎಲ್ಲರೂ ಕೂತು ಒಪ್ಪಿಕೊಳ್ಳಬೇಕು. ಒಬ್ಬರು ಬೇಡ ಅಂದರೂ ಎಲ್ಲರಿಗೂ ಬೇಡ. ಪರ್ಮಿಟ್ ದುಡ್ಡು, ಹೋಟೆಲ್ ದುಡ್ಡು, ಮೈದುನ ರಜೆ ಹಾಕಿ ಬಂದಿದ್ದಾರೆ, ಇವೆಲ್ಲ ಬೆಳಿಗ್ಗೆ ತಲೆಗೆ ಬರುತ್ತವೆ. ಸ್ನೇಹಿತರ ಮುಂದೆ "ನನಗೆ ಭಯ" ಅಂತ ಹೇಳೋಕೆ ದೊಡ್ಡವರೇ ಹಿಂಜರಿಯುತ್ತಾರೆ. ಮೊದಲೇ ಮಾತಾಡಿಕೊಂಡಿದ್ದರೆ ಹೇಳುವುದು ಸುಲಭ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮೊದಲ ರ‍್ಯಾಪೆಲ್ ಅಂದರೆ ಹಗ್ಗದ ಇಳಿತ ಮುಗಿಸಿ ಹಗ್ಗ ಎಳೆದುಕೊಂಡ ಮೇಲೆ ವಾಪಸ್ ಹತ್ತುವ ದಾರಿ ಇಲ್ಲ. ಬಂಡೆಗೆ ಹೊಡೆದ ಬೋಲ್ಟಿನಲ್ಲಿ ಹಗ್ಗ ಹಾಕಿ ಇಳಿಯುತ್ತೀರಿ, ಕೆಳಗೆ ಬಂದು ಅದನ್ನು ಎಳೆದುಕೊಳ್ಳುತ್ತೀರಿ, ಮುಂದಿನ ಇಳಿತಕ್ಕೆ ಅದೇ ಹಗ್ಗ ಬೇಕು. ಅಲ್ಲಿಂದ ಹೊರಗೆ ಬರುವುದು ಮುಂದಕ್ಕೆ ಮಾತ್ರ. ಟ್ರೆಕ್ಕಿಂಗ್‌ನಲ್ಲಿ ಸುಸ್ತಾದರೆ ಅರ್ಧಕ್ಕೆ ತಿರುಗಿಬಿಡಬಹುದು, ಕುಮಾರಪರ್ವತದಲ್ಲಿ ಹಾಗೆ ಎಷ್ಟು ಜನ ಭಟ್ಟರ ಮನೆಯಿಂದಲೇ ಇಳಿದು ಬರುತ್ತಾರೆ. ಇಲ್ಲಿ ಅದು ಆಗುವುದಿಲ್ಲ. ಹಗ್ಗ ಎಳೆಯುವ ಮೊದಲು ಎಲ್ಲರನ್ನೂ ಒಂದು ಸಲ ನೋಡಿ, ಮಕ್ಕಳನ್ನು ಕೇಳಿ, ಆಮೇಲೆ ಎಳೆಯಿರಿ.

ಚಳಿ. ಇದನ್ನು ಯಾರೂ ನಂಬುವುದಿಲ್ಲ. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಒಳಗಿನ ನೀರಿಗೆ ಸೂರ್ಯನೇ ಬೀಳುವುದಿಲ್ಲ, ಕೊರೆಯುತ್ತಿರುತ್ತದೆ. ಕೊನೆಯಲ್ಲಿ ಕತ್ತಲೆಯ ಕಿರಿದಾದ ಒಂದು ಓಣಿಯನ್ನು ಈಜಿಕೊಂಡೇ ದಾಟಬೇಕು. ಸಣ್ಣ ಮಕ್ಕಳಿಗೆ ದೇಹದ ಬಿಸಿ ಬೇಗ ಇಳಿದುಹೋಗುತ್ತದೆ, ನಡುಕ ಶುರುವಾಯಿತು ಅಂದರೆ ಕೈ ಬೆರಳು ಹೇಳಿದ ಮಾತು ಕೇಳುವುದಿಲ್ಲ, ಆಗ ಕ್ಯಾರಾಬೈನರ್ (ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿ) ಬಿಚ್ಚುವುದೂ ಕಷ್ಟ. ವೆಟ್‌ಸೂಟ್ (ನೀರಿನ ಚಳಿ ತಡೆಯುವ ರಬ್ಬರಿನಂಥ ಉಡುಪು) ಎಲ್ಲರಿಗೂ ಬೇಕು. ಪಾರ್ಕಿನ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್ ಊರಿನಲ್ಲಿ ಬಾಡಿಗೆಗೆ ಸಿಗುತ್ತದೆ, ಮಕ್ಕಳ ಅಳತೆಯದು ಮುಂಚೆಯೇ ಫೋನ್ ಮಾಡಿ ಹಿಡಿದಿಡಿ. ಮೈಗೆ ಅಂಟಿಕೊಂಡಿರಬೇಕು, ಸಡಿಲ ಇದ್ದರೆ ಪ್ರಯೋಜನ ಇಲ್ಲ. ಅಕ್ಟೋಬರ್ ಆದರೆ ದಪ್ಪನೆಯದು ಕೇಳಿ. ಒಳಗೆ ಹತ್ತಿ ಬಟ್ಟೆ, ಜೀನ್ಸ್ ಬೇಡ. ಈಜು ಬರದವರಿಗೆ ಲೈಫ್ ಜಾಕೆಟ್ ಕಡ್ಡಾಯ ಅಂತ ಇಟ್ಟುಕೊಳ್ಳಿ, ಅದು ಮಗುವಾಗಲಿ ಓರಗಿತ್ತಿಯಾಗಲಿ.

ಈಗ ವಿಡಿಯೊ ನೋಡಿ ಕಲಿಯುವ ವಿಷಯ. ವಿಡಿಯೊದಲ್ಲಿ ಕಾಣುವುದು ಎಲ್ಲ ಸರಿಯಾಗಿ ಆದಾಗ ಏನಾಗುತ್ತದೆ ಅನ್ನೋದು. ನಿಮಗೆ ಬೇಕಾದದ್ದು ಹಗ್ಗದ ಮಧ್ಯ ಒಬ್ಬರು ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು ಅನ್ನೋ ವಿದ್ಯೆ. ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಕೂದಲು ಅಥವಾ ಸಡಿಲ ಬಟ್ಟೆ. ಜಡೆ ಹೋಗಿ, ಹಗ್ಗದಲ್ಲಿ ಇಳಿಯುವ ವೇಗವನ್ನು ಹಿಡಿತದಲ್ಲಿಡುವ ಸಾಧನವಾದ ಡಿಸೆಂಡರ್‌ಗೆ ಸುತ್ತಿಕೊಂಡರೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅದಕ್ಕೆ ಜಡೆಯನ್ನು ಸುತ್ತಿ ಹೆಲ್ಮೆಟ್ ಒಳಗೆ ತುರುಕಿ. ಬಳೆ, ಉಂಗುರ, ಕರಿಮಣಿ ಸರ ಬಿಚ್ಚಿ ಹೋಟೆಲಿನಲ್ಲಿ ಜೋಪಾನವಾಗಿಟ್ಟು ಬನ್ನಿ. ಮಾಂಗಲ್ಯ ತೆಗೆಯೋಕೆ ಮನಸ್ಸಿಲ್ಲದಿದ್ದರೆ ವೆಟ್‌ಸೂಟ್ ಒಳಗೆ ಹಾಕಿ ಜಿಪ್ ಕುತ್ತಿಗೆಯವರೆಗೆ ಏರಿಸಿ. ಆದರೂ ಸಿಕ್ಕಿಕೊಂಡರೆ ಅನ್ನೋದಕ್ಕೆ, ಮೇಲೆ ಇರುವವರು ಹಗ್ಗವನ್ನು ಬಿಡುತ್ತಾ ಸಿಕ್ಕಿದವರನ್ನು ಇಳಿಸುವ ಹಾಗೆ ಮೊದಲೇ ಕಟ್ಟಿರಬೇಕು. ಇದನ್ನು ಕೈಯಲ್ಲಿ ಮಾಡಿಯೇ ಕಲಿಯಬೇಕು.

ಕಲಿಸುವವರು ಇದ್ದಾರೆ. ಆದರೆ ಝಯಾನ್ ಪಾರ್ಕಿನ ಒಳಗಿನ ಕ್ಯಾನ್ಯನ್‌ಗಳಿಗೆ ದುಡ್ಡು ತಗೊಂಡು ಕರೆದುಕೊಂಡು ಹೋಗುವ ಗೈಡ್‌ಗಳಿಗೆ ಅನುಮತಿ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸ್ಪ್ರಿಂಗ್‌ಡೇಲ್, ಕನಾಬ್ ಕಡೆ ಇರುವ ಗೈಡ್‌ಗಳು ಪಾರ್ಕಿನ ಹೊರಗಿನ ಕ್ಯಾನ್ಯನ್‌ಗಳಿಗೆ ಕರೆದೊಯ್ಯುತ್ತಾರೆ. ನಿಮ್ಮ ಗುಂಪಿಗೆ ಮೊದಲು ಅದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಅರ್ಧ ದಿನದ ಟ್ರಿಪ್, ಹಗ್ಗ ಅವರದ್ದು, ಮಕ್ಕಳ ಹಾರ್ನೆಸ್ ಅವರದ್ದು. ಅದರಲ್ಲಿ ಮಕ್ಕಳು ಹೇಗಿರುತ್ತಾರೆ ನೋಡಿ. ಕೀಹೋಲ್‌ಗೆ ಹೋಗುವಾಗ ಇದರಲ್ಲಿ ಪಳಗಿದ ಸ್ನೇಹಿತರು ಕನಿಷ್ಠ ಇಬ್ಬರು ಜೊತೆಗಿರಲಿ, ಒಬ್ಬರು ಮೊದಲು ಇಳಿಯೋಕೆ, ಒಬ್ಬರು ಕೊನೆಗೆ ಇಳಿಯೋಕೆ. ಕೆಳಗೆ ಇಳಿದವರು ಹಗ್ಗದ ತುದಿ ಹಿಡಿದು ನಿಂತಿರಬೇಕು. ಮೇಲಿಂದ ಬರುವವರು ಕೈ ಬಿಟ್ಟರೂ ಕೆಳಗಿನವರು ಹಗ್ಗ ಜಗ್ಗಿದರೆ ಡಿಸೆಂಡರ್ ಹಿಡಿದು ನಿಲ್ಲುತ್ತದೆ. ನೀರಿಗೆ ಇಳಿಯುವ ಕಡೆ ಹಗ್ಗದ ತುದಿ ನೀರಿನ ಮಟ್ಟಕ್ಕೆ ಬರುವಷ್ಟೇ ಬಿಡಿ, ಆಗ ಇಳಿದವರು ಸುಮ್ನೆ ತುದಿಯಿಂದ ಜಾರಿ ಈಜಿಕೊಂಡು ಹೋಗಬಹುದು. ಉದ್ದ ಬಿಟ್ಟರೆ ಅದು ನೀರಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ನಿಮ್ಮ 12 ವರ್ಷದವರಿಗೆ ಅಭ್ಯಾಸ ಆದ ಮೇಲೆ ಕೀಹೋಲ್ ಖಂಡಿತ ಆಗುತ್ತದೆ. 8 ವರ್ಷದವರನ್ನು ಈ ಸಲ ಬಿಡಿ ಅಂತಲೇ ಹೇಳುತ್ತೇನೆ. ಅಳು ಬರಬಹುದು, ಬರಲಿ.

ಅತ್ತೆ ಮಾವನವರಿಗೆ ಹಗ್ಗ ಇಲ್ಲದ ಜಾಗಗಳು ಬೇಕಾದಷ್ಟು ಇವೆ. ನಿಮ್ಮ ದಾರಿಯಲ್ಲೇ ಪೇಜ್ ಊರು, ಅಲ್ಲಿ ಮೇಲೆ ಹೇಳಿದ ಆಂಟಿಲೋಪ್ ಕ್ಯಾನ್ಯನ್, ಅಪ್ಪರ್, ಲೋಯರ್ ಅಂತ ಎರಡು ಭಾಗ. ಅದು ನವಾಹೊ ಜನರ ನೆಲ, ಅವರ ಗೈಡ್ ಜೊತೆಗೇ ಹೋಗಬೇಕು. ಲೋಯರ್‌ನಲ್ಲಿ ಕಡಿದಾದ ಕಬ್ಬಿಣದ ಏಣಿಗಳಿವೆ, ಮಂಡಿ ನೋವು ಇದ್ದವರಿಗೆ ಅಪ್ಪರ್ ವಾಸಿ. ಅಲ್ಲೂ ಜುಲೈನಲ್ಲಿ ಮಳೆ ಸೂಚನೆ ಇದ್ದರೆ ಟೂರ್ ನಿಲ್ಲಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಎಚ್ಚರ: ಬೇಸಿಗೆಯಲ್ಲಿ ಪೇಜ್‌ಗಿಂತ ಯೂಟಾ ಗಡಿಯಾರ ಒಂದು ಗಂಟೆ ಮುಂದೆ. ಗಡಿ ಹತ್ತಿರ ಫೋನ್ ತಾನಾಗಿ ಸಮಯ ಬದಲಾಯಿಸಿ ಟೂರ್ ತಪ್ಪಿಸುತ್ತದೆ, ಕೈಗಡಿಯಾರ ನಂಬಿ. ಕಾಲು ಗಟ್ಟಿ ಇದ್ದು ತಾವಾಗಿ ನಿಧಾನಕ್ಕೆ ನಡೆಯುವ ಆಸೆ ಇದ್ದರೆ ಕ್ಯಾನನ್‌ವಿಲ್ ಊರಿನ ಕಡೆಯ ವಿಲ್ಲಿಸ್ ಕ್ರೀಕ್ ಬಹಳ ಚಂದ. ತಳ ಸಮವಾಗಿದೆ, ಪಾದ ಮುಳುಗುವಷ್ಟು ನೀರು, ಎಲ್ಲಿ ಬೇಕಾದರೂ ತಿರುಗಿ ಬರಬಹುದು. ಆ ಮಣ್ಣಿನ ರಸ್ತೆ ಒದ್ದೆಯಾದರೆ ಜೇಡಿಮಣ್ಣು ಚಕ್ರ ಹಿಡಿದುಬಿಡುತ್ತದೆ, ಒಣ ದಿನ ಮಾತ್ರ ಹೋಗಿ. ಚಿಕ್ಕವರಿಗೂ ಅಲ್ಲಿ ಅಜ್ಜಿ ತಾತನ ಜೊತೆ ಆಟ ಆಗುತ್ತದೆ. ಹಿರಿಯರ ವಿಸಿಟರ್ ಇನ್ಶೂರೆನ್ಸ್ ಪತ್ರವನ್ನೂ ಒಮ್ಮೆ ಓದಿ, ಹಗ್ಗದ ಸಾಹಸಗಳನ್ನು ಹೊರಗಿಟ್ಟಿರುವ ಪಾಲಿಸಿಗಳು ಬಹಳ.

ಚೂರುಪಾರು ವಿಷಯಗಳು. ಪರ್ಮಿಟ್ ಇಲ್ಲದೆ ಇಳಿಯುವಂತಿಲ್ಲ, ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ನೋಡಿ. ಬೆಳಿಗ್ಗೆ ಬೇಗ ಶುರು ಮಾಡಿ, ಮಧ್ಯಾಹ್ನದ ಒಳಗೆ ಹೊರಗಿರಿ, ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಕಾರಿನ ಕೀಲಿ, ಟಾರ್ಚ್ ನೀರು ಒಳಗೆ ಹೋಗದ ಡ್ರೈ ಬ್ಯಾಗಿನಲ್ಲಿ. ಕಡ್ಲೆ ಚಿಕ್ಕಿ, ಸುತ್ತಿದ ಚಪಾತಿ ಸಾಕು, ಒಂದು ಚೂರು ಕವರ್ ಕೂಡ ಒಳಗೆ ಬಿಡಬೇಡಿ. ಒಳಗೆ ಫೋನ್ ಸಿಗುವುದಿಲ್ಲ. ಹೊರಗೆ ಉಳಿಯುವವರ ಕೈಯಲ್ಲಿ ಕ್ಯಾನ್ಯನ್ ಹೆಸರು, ಎಷ್ಟು ಜನ, ಎಷ್ಟು ಗಂಟೆಗೆ ಹೊರಗೆ ಬರುತ್ತೀರಿ ಅಂತ ಕಾಗದದಲ್ಲಿ ಬರೆದುಕೊಡಿ. ಆ ಹೊತ್ತು ಮೀರಿದರೆ ಸಿಗ್ನಲ್ ಹುಡುಕುತ್ತಾ ಕೂರದೆ ಪೂರ್ವ ಗೇಟಿನವರಿಗೆ ಹೋಗಿ ಹೇಳಲಿ. ಹೋದ ವರ್ಷದ ವಿಡಿಯೊದಲ್ಲಿ ಮೊಣಕಾಲು ನೀರು ಇದ್ದ ಕಡೆ ಈ ಸಲ ತಲೆ ಮುಳುಗಬಹುದು, ಪ್ರತಿ ಪ್ರವಾಹಕ್ಕೂ ಮರಳು, ಮರದ ದಿಮ್ಮಿ ಜಾಗ ಬದಲಾಯಿಸುತ್ತವೆ. ಈಗ ಹೇಗಿದೆ ಅಂತ ಪರ್ಮಿಟ್ ಕೌಂಟರಿನಲ್ಲಿ ಕೇಳಿ.

ದಿನ ಬದಲಾಯಿಸಿದರೆ ಇಲ್ಲೇ ಹಾಕಿ. ಮಕ್ಕಳ ಎತ್ತರ, ತೂಕ ಹೇಳಿದರೆ ವೆಟ್‌ಸೂಟ್ ಅಳತೆ, ಹಾರ್ನೆಸ್ ಯಾವುದು ಸರಿಹೋಗುತ್ತದೆ ಅಂತ ಬರೆಯುತ್ತೇನೆ.