ಮುಳುಗಡೆಯಾದ ಬಾಗಲಕೋಟೆಗೆ ಹೋಳಿಗೆ ಯಾಕೆ ಓಡುತ್ತೀರಿ?

"ಹುಬ್ಬಳ್ಳಿಯಲ್ಲೇ ರಂಗಪಂಚಮಿ ಅಷ್ಟು ಜೋರಾಗಿ ನಡೆಯುತ್ತದೆ. ನೀರಿಗೆ ಹೋದ ಬಾಗಲಕೋಟೆಗೆ ನೀವೆಲ್ಲ ಹೋಳಿಗೆ ಯಾಕೆ ಓಡುತ್ತೀರಿ?" ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯವನು, ಈಗ ಸಂಸಾರ ಸಮೇತ ಹುಬ್ಬಳ್ಳಿಯಲ್ಲಿದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಊರು ಪೂರ್ತಿ ಮುಳುಗಿಲ್ಲ. ಆಲಮಟ್ಟಿ ಅಣೆಕಟ್ಟು ಇರುವುದು ಕೃಷ್ಣಾ ನದಿಗೆ. ಅದರ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಒತ್ತಿ ಬಂದು ನಮ್ಮ ತಗ್ಗಿನ ಓಣಿಗಳನ್ನು ಹಿಡಿಯಿತು. ಹೊಳೆ ಬಂದರೆ ನಾಲ್ಕು ದಿನಕ್ಕೆ ಇಳಿದು ಹೋಗುತ್ತದೆ, ಜನ ಮನೆ ತೊಳೆದುಕೊಂಡು ಮತ್ತೆ ಒಲೆ ಹಚ್ಚುತ್ತಾರೆ. ಈ ನೀರು ಬೇಸಿಗೆಯಲ್ಲಿ ಸರಿದರೂ ಮಳೆಗಾಲಕ್ಕೆ ವಾಪಸ್ ಬರುತ್ತದೆ. 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು ಅದು. 519.6 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2000ದಲ್ಲಿ. 2010ರಲ್ಲಿ ಕೃಷ್ಣಾ ನೀರಿನ ಜಗಳ ತೀರ್ಮಾನಿಸುವ ನ್ಯಾಯಾಧಿಕರಣ 524.256 ಮೀಟರ್‌ಗೆ ಒಪ್ಪಿತು. ಹಾಗಾಗಿ ನಮ್ಮೂರಲ್ಲಿ ಚಹಾದಂಗಡಿಯ ಹರಟೆಯೂ ಮೀಟರ್ ಲೆಕ್ಕದಲ್ಲೇ ನಡೆಯುತ್ತದೆ!

ಮನೆ ಬಿಟ್ಟವರಿಗೆ ನವನಗರ ಕಟ್ಟಿದರು. ಅದರ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿಯ ಕೈ ಇದೆ. ಅಗಲ ರಸ್ತೆ, ಗಿಡಮರ, ಗಾಳಿ, ಬೆಳಕು. ಅನುಕೂಲ ಜಾಸ್ತಿಯೇ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಓಣಿಯವರಿಗೆ ಸೈಟು ಸಿಕ್ಕಿದ್ದು ಒಂದೊಂದು ಸೆಕ್ಟರ್‌ನಲ್ಲಿ. ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವರು ಆಟೋ ಹಿಡಿದು ಭೇಟಿಯಾಗಬೇಕಾಯಿತು. ಸೊಸೆ ಮೇಲಿನ ಸಿಟ್ಟನ್ನು ಕಟ್ಟೆ ಮೇಲೆ ಕೂತು ಹೊರಹಾಕುತ್ತಿದ್ದ ನಮ್ಮ ಅಜ್ಜಿಗೆ ಹೊಸ ಮನೆಯಲ್ಲಿ ಕೇಳುವವರೇ ಇರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಇದಕ್ಕೆಲ್ಲ ಕಾಲಂ ಇರಲ್ಲ ಅಲ್ವಾ?

ಹೋಳಿ ಮಾತ್ರ ಸೆಕ್ಟರ್ ಲೆಕ್ಕಕ್ಕೆ ಬಗ್ಗಲಿಲ್ಲ. ಅದು ಇವತ್ತಿಗೂ ಓಣಿ ಹೆಸರಲ್ಲೇ ನಡೆಯುತ್ತದೆ: ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ, ಹಳಪೇಟೆ. ಒಂದೊಂದಕ್ಕೂ ತನ್ನದೇ ಹಲಗಿ (ಚರ್ಮದ ವಾದ್ಯ) ಮೇಳ, ತನ್ನದೇ ಬಣ್ಣದ ಬಂಡಿ. ಬ್ಯಾರಲ್‌ಗಟ್ಟಲೆ ಬಣ್ಣ ತುಂಬಿದ ಬಂಡಿಗಳು ಎದುರುಬದುರಾದರೆ ಯಾರೂ ಹಿಂದೆ ಸರಿಯಲ್ಲ. ಹಲಗಿ ಕಾಯಿಸಲು ಮೂಲೆಯಲ್ಲಿ ಬೆಂಕಿ ಹಾಕಿರುತ್ತಾರೆ. ಚರ್ಮ ಬಿಗಿಯಾದ ಮೇಲೆ ಬರುವ ಆ ಪೆಟ್ಟು ಎದೆಗೇ ಬಡಿಯುತ್ತದೆ. ರಾತ್ರಿ ಸೋಗಿನ ಬಂಡಿ ಹೊರಡುತ್ತದೆ, ಮೀಸೆ ಹೊತ್ತ ಗಂಡಸರೇ ಸೀರೆ ಉಟ್ಟು ದೇವಿಯರಾಗಿರುತ್ತಾರೆ. ಕಾಮನನ್ನು ಸುಟ್ಟ ಬೆಂಕಿಯಲ್ಲಿ ಕಡಲೆ ಹುರಿದು ತಿನ್ನುವುದೂ ಇದೆ. ಅರ್ಧ ಸುಟ್ಟು ಅರ್ಧ ಹಸಿ ಇರುತ್ತದೆ, ಆದರೂ ಬಿಡಲ್ಲ.

"ನೀನು ಯಾವ ಓಣಿಯವ?" ಅಂತ ಆ ದಿನಗಳಲ್ಲಿ ಕೇಳಿದರೆ ನವನಗರದಲ್ಲೇ ಹುಟ್ಟಿದ ಹುಡುಗನೂ ಅಜ್ಜನ ಓಣಿ ಹೆಸರು ಹೇಳಿ ಆ ಬಂಡಿಯನ್ನೇ ಹತ್ತುತ್ತಾನೆ. ಅವನು ಆ ಮನೆ ನೋಡಿಯೇ ಇಲ್ಲ. ನಾವು ಓಡುವುದು ಇದಕ್ಕೇ. ಚೆದುರಿದ ಓಣಿ ವರ್ಷದಲ್ಲಿ ಆಗ ಒಂದೇ ಸಲ ಪೂರ್ತಿ ಕೂಡುತ್ತದೆ. ಸುಮ್ನೆ ಬಣ್ಣ ಆಡುವುದೇ ಆಗಿದ್ದರೆ ಹುಬ್ಬಳ್ಳಿ ಸಾಕಿತ್ತು. ಇಲ್ಲಿಯ ಜಗ್ಗಲಗಿ ಅನ್ನುವ ದೊಡ್ಡ ಚರ್ಮವಾದ್ಯದ ಸದ್ದಿಗೆ ನಾನೂ ಸೋತವನೇ.

ಇನ್ನೊಂದು ಲಾಭವಿದೆ. ಬಾಗಲಕೋಟೆಯ ಬಣ್ಣ ಹುಣ್ಣಿಮೆ ಬೆನ್ನಿಗೇ ಶುರು. ಹುಬ್ಬಳ್ಳಿಯದು ಐದನೇ ದಿನ. ಎರಡನ್ನೂ ಆಡಬಹುದು, ಆಫೀಸಿಗೆ ಕೆಂಪು ಕಿವಿ ಹೊತ್ತು ಹೋಗುವ ಧೈರ್ಯ ಬೇಕಷ್ಟೇ.

ಈ ಸಲ ನೀವೂ ಬನ್ನಿ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕೆರೂರು ದಾಟಿ ಬಸ್ ಬರುತ್ತದೆ. ಗದಗ, ಬಾದಾಮಿ ಮೇಲೆ ರೈಲೂ ಇದೆ. ಹುಣ್ಣಿಮೆಗಿಂತ ಮುಂಚೆ ಹೊರಟರೆ ನವಲಗುಂದದಲ್ಲಿ ಇಳಿದು ಹೋಳಿಗೆ ಕೂರಿಸುವ ರಾಮಲಿಂಗ ಕಾಮಣ್ಣನ ಮೂರ್ತಿಯನ್ನು ನೋಡಿಕೊಂಡೇ ಬನ್ನಿ. ಹರಕೆ ಹೊತ್ತವರ ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಮೊಬೈಲ್‌ಗೆ ಪ್ಲಾಸ್ಟಿಕ್ ಚೀಲ ಮರೆಯಬೇಡಿ.